ಹದಿನೈದನೆಯ ಸೆಕೆಂಡಿಗೆ ನಿಲ್ಲುವ ದನಿ

ಆತ್ಮೀಯ ಸಭಿಕರೆ,

ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಿದವರಿಗೆ ಈ ದೃಶ್ಯ ಪರಿಚಿತ. ಕ್ರೀಡಾಂಗಣವೆಲ್ಲ ಕೂಗಿನಿಂದ ನಡುಗುತ್ತಿರುವಾಗ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಆಟಗಾರ, ಎರಡೂ ಅಂಗೈಗಳಿಂದ ಹೆಲ್ಮೆಟ್ಟಿನ ಕಿವಿಯ ರಂಧ್ರಗಳನ್ನು ಮುಚ್ಚಿಕೊಂಡು ತಲೆ ತಗ್ಗಿಸಿ ನಿಂತಿರುತ್ತಾನೆ. ಅವನು ಆಲಿಸುತ್ತಿರುವುದು ತನ್ನ ತರಬೇತುದಾರರ ದನಿಯನ್ನು. ಆ ದನಿಗೆ ಎಷ್ಟು ಹೊತ್ತು ಅವಕಾಶ ಕೊಡಬೇಕು ಎಂಬುದೇ ನನ್ನ ಇಂದಿನ ವಿಷಯ.

1956ರ ತನಕ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ತರಬೇತುದಾರ ಪಾಲ್ ಬ್ರೌನ್ ಅವರು ಮುಂದಿನ ‘ಆಟ’ (ಪಂದ್ಯದೊಳಗಿನ ಒಂದೊಂದು ಸುತ್ತಿನ ದಾಳಿಯ ಯೋಜನೆ) ಯಾವುದೆಂಬುದನ್ನು ಗಾರ್ಡ್ ಸ್ಥಾನದ ಆಟಗಾರರಿಗೆ ಹೇಳಿ, ಸರದಿಯ ಮೇಲೆ ಒಬ್ಬೊಬ್ಬರನ್ನು ಒಳಗೆ ಓಡಿಸುತ್ತಿದ್ದರು. ಆ ವರ್ಷ ಒಹಾಯೊದ ಜಾನ್ ಕ್ಯಾಂಪ್‌ಬೆಲ್ ಮತ್ತು ಜಾರ್ಜ್ ಸಾರ್ಲ್ಸ್ ಎಂಬ ಇಬ್ಬರು ಸಂಶೋಧಕರು ಕ್ವಾರ್ಟರ್‌ಬ್ಯಾಕ್ ಜಾರ್ಜ್ ರ‍್ಯಾಟರ್‌ಮನ್ ಅವರ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೊ ರಿಸೀವರ್ ಕೂರಿಸಿಕೊಟ್ಟರು. ಡೆಟ್ರಾಯಿಟ್ ಲಯನ್ಸ್ ವಿರುದ್ಧದ ಪೂರ್ವಭಾವಿ ಪಂದ್ಯದಲ್ಲಿ ಅದರ ಪ್ರಯೋಗವೂ ಆಯಿತು. ಆದರೆ ಗಾಳಿಯಲ್ಲಿ ಹೋಗುವ ಮಾತಿಗೆ ಬೇಲಿ ಹಾಕುವವರು ಯಾರು? ಇತರ ತಂಡಗಳೂ ಇದರ ಬೆನ್ನು ಹತ್ತಿದವು. ಅಕ್ಟೋಬರ್‌ನಲ್ಲಿ ವೃತ್ತಿಪರ ತಂಡಗಳ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್ ಬರ್ಟ್ ಬೆಲ್ ಅದನ್ನು ನಿಷೇಧಿಸಿದರು.

ಮತ್ತೆ ಅನುಮತಿ ಸಿಗಲು 1994ರವರೆಗೆ ಕಾಯಬೇಕಾಯಿತು. ಈ ಸಲ ಅದರ ಜೊತೆಗೆ ಬಂದ ಕಟ್ಟುಪಾಡುಗಳನ್ನು ನಾನು ಬಹಳ ಮೆಚ್ಚುತ್ತೇನೆ. ಒಂದು ಆಟ ಮುಗಿದ ಮೇಲೆ ಮುಂದಿನದನ್ನು ಶುರುಮಾಡಲು ಸಾಮಾನ್ಯವಾಗಿ 40 ಸೆಕೆಂಡು ಇರುತ್ತದೆ. ಗಡಿಯಾರದಲ್ಲಿ 15 ಉಳಿದಾಗ ರೇಡಿಯೊ ಕಡಿದುಹೋಗುತ್ತದೆ. ಆಟಗಾರ ಕೇಳಬಹುದೇ ಹೊರತು ಮರುಮಾತಾಡುವಂತಿಲ್ಲ. ಹೆಲ್ಮೆಟ್ಟಿನ ಹಿಂಬದಿಯ ಹಸಿರು ಚುಕ್ಕೆ ಒಳಗೆ ರೇಡಿಯೊ ಇದೆ ಎಂಬುದನ್ನು ತೋರಿಸುತ್ತದೆ.

ಆ ಇಪ್ಪತ್ತೈದು ಸೆಕೆಂಡುಗಳಲ್ಲಿ ಏನು ಹೇಳುತ್ತಾರೆ? ‘ಸ್ಪೈಡರ್ 2 ವೈ ಬನಾನಾ’ ಎಂಬುದು ಅಂಥ ಒಂದು ಹೆಸರಾಂತ ಆದೇಶ. ಮೊದಲ ಭಾಗ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಬಗೆ, ವೈ ಎಂಬುದು ಒಬ್ಬ ಆಟಗಾರನ ಸ್ಥಾನ, ಬನಾನಾ ಎಂದರೆ ಅವನು ಬಾಳೆಹಣ್ಣಿನ ಹಾಗೆ ಬಾಗಿ ಓಡಬೇಕಾದ ದಾರಿ. ಇದನ್ನು ಒಮ್ಮೆ ಕೇಳಿಸಿಕೊಂಡು, ಸುತ್ತ ನೆರೆದ ಹತ್ತು ಮಂದಿಗೆ ತಪ್ಪಿಲ್ಲದೆ ಒಪ್ಪಿಸಿ, ಎದುರಾಳಿಗಳು ನಿಂತ ಬಗೆಯನ್ನು ನೋಡಿ ಆಟವನ್ನೇ ಬದಲಿಸಬೇಕೇ ಎಂದು ತೀರ್ಮಾನಿಸುವ ಹೊತ್ತಿಗೆ ಕಿವಿಯಲ್ಲಿ ಯಾರೂ ಇರುವುದಿಲ್ಲ. ಆ ಕೊನೆಯ ತೀರ್ಮಾನ ಅವನದೇ ಆಗಿರಬೇಕು. ಅದನ್ನೂ ತರಬೇತುದಾರರೇ ಕೈಗೆ ತೆಗೆದುಕೊಂಡರೆ ಮೈದಾನದಲ್ಲಿ ಉಳಿಯುವುದು ಬರೀ ಕೈಕಾಲುಗಳು.

ಕ್ರಿಕೆಟ್ಟಿನಲ್ಲಿ ಈ ಪ್ರಶ್ನೆ ಎದ್ದದ್ದು ನಮ್ಮ ಎದುರಿಗೇ. 1999ರ ವಿಶ್ವಕಪ್‌ನಲ್ಲಿ, ಹೋವ್‌ನಲ್ಲಿ ನಡೆದ ಭಾರತದ ವಿರುದ್ಧದ ಪಂದ್ಯದಲ್ಲಿ, ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಕಿವಿಯಲ್ಲಿ ಇಯರ್‌ಪೀಸ್ ಇಟ್ಟುಕೊಂಡು ಕೋಚ್ ಬಾಬ್ ವೂಲ್ಮರ್ ಅವರ ಸಲಹೆ ಪಡೆಯುತ್ತಿದ್ದರು. ನಮ್ಮ ರಾಹುಲ್ ದ್ರಾವಿಡ್ 54 ರನ್ ಗಳಿಸಿದ ಪಂದ್ಯ ಅದು. ಪಂದ್ಯದ ನಡುವೆಯೇ ಅದನ್ನು ತೆಗೆಸಲಾಯಿತು. ಕ್ರಿಕೆಟ್ ಬಾಗಿಲನ್ನೇ ಮುಚ್ಚಿತು. ಫುಟ್‌ಬಾಲ್ ಬಾಗಿಲಿಗೆ ಗಡಿಯಾರ ತೂಗುಹಾಕಿತು.

ರಕ್ಷಣಾ ಪಂಗಡದ ಒಬ್ಬನಿಗೂ ರೇಡಿಯೊ ಸಿಕ್ಕಿದ್ದು 2008ರಲ್ಲಿ. ಅದರ ಹಿಂದಿನ ವರ್ಷ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದವರು ಎದುರಾಳಿ ಕೋಚ್‌ಗಳ ಕೈಸನ್ನೆಗಳನ್ನು ಚಿತ್ರೀಕರಿಸಿ ದಂಡ ತೆತ್ತಿದ್ದರು. ಸನ್ನೆ ಕದಿಯುವ ಆರೋಪಗಳ ಬೆನ್ನಿಗೆ, 2024ರಲ್ಲಿ ಕಾಲೇಜು ಫುಟ್‌ಬಾಲಿನ ಮೇಲಿನ ಹಂತವೂ ರೇಡಿಯೊಗೆ ಒಪ್ಪಿಗೆ ನೀಡಿತು.

ಸನ್ನೆಯನ್ನು ಕಾಪಾಡಿಕೊಳ್ಳುವ ಚಿಂತೆ ರೇಡಿಯೊಗಿಂತ ಬಹಳ ಹಳೆಯದು. ವಾಷಿಂಗ್ಟನ್‌ನ ಗ್ಯಾಲೊಡೆಟ್ ಕಿವುಡರ ವಿದ್ಯಾಸಂಸ್ಥೆ. 1890ರ ದಶಕದಲ್ಲಿ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಪಾಲ್ ಹಬರ್ಡ್, ತಮ್ಮ ಸನ್ನೆ ಎದುರಾಳಿಗಳ ಕಣ್ಣಿಗೆ ಬೀಳದಿರಲೆಂದು ಜೊತೆಯವರನ್ನು ಸುತ್ತಲೂ ಒತ್ತೊತ್ತಾಗಿ ನಿಲ್ಲಿಸಿಕೊಂಡರು. ಇಂದು ಎಲ್ಲ ತಂಡಗಳೂ ಬಳಸುವ ‘ಹಡಲ್’ ಎಂಬ ಗುಂಪುಗೂಡುವಿಕೆಯ ಮೂಲ ಅದೇ ಎನ್ನುತ್ತಾರೆ. ಹೆಲ್ಮೆಟ್ಟಿನ ರೇಡಿಯೊ ಬಂದಾಗ ಈ ಆಟಗಾರರಿಗೆ ಅದರಿಂದ ಉಪಯೋಗವಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಗ್ಯಾಲೊಡೆಟ್ ತಂಡದ ಕ್ವಾರ್ಟರ್‌ಬ್ಯಾಕ್ ಹೊಸ ಹೆಲ್ಮೆಟ್ ಧರಿಸಿ ಮೈದಾನಕ್ಕಿಳಿದ. ಕೋಚ್ ಟ್ಯಾಬ್ಲೆಟ್ ಮೇಲೆ ಆಟವೊಂದನ್ನು ಆರಿಸಿದರೆ, ಅದು ಅವನ ಕಣ್ಣೆದುರಿನ ಪುಟ್ಟ ಮಸೂರದಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ಆ ಪಂದ್ಯವನ್ನು ಗ್ಯಾಲೊಡೆಟ್ ಗೆದ್ದಿತು.