ತಂದೆಯ ನೆಲ, ಮಗನ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ತಂದೆಯ ಹೆಸರಿನಲ್ಲಿರುವ ಹೆಂಚಿನ ಮನೆಗೆ ಮಗಳೊಬ್ಬಳು ಒಡವೆ ಅಡವಿಟ್ಟು ತಾರಸಿ ಹಾಕಿಸುತ್ತಾಳೆ. ಅಣ್ಣನ ನಿವೇಶನದಲ್ಲಿ ತಮ್ಮ ತನ್ನ ಹಣದಿಂದ ಮಹಡಿ ಎಬ್ಬಿಸುತ್ತಾನೆ. ಆಗ ಇರುವ ಆಧಾರವೆಂದರೆ ‘ಮುಂದೆ ಇದು ನಿನಗೇ’ ಎಂಬ ಬಾಯಿಮಾತು ಮಾತ್ರ. ಸ್ವಯಾರ್ಜಿತವಾದ ಆ ಆಸ್ತಿಯನ್ನು ಒಡೆಯರು ಉಯಿಲಿನ ಮೂಲಕ ಬೇರೊಬ್ಬರಿಗೆ ಬರೆದಿಟ್ಟು ತೀರಿಕೊಂಡರೆ, ಖರ್ಚು ಮಾಡಿದವರಿಗೆ ಕಾನೂನಿನಲ್ಲಿ ಏನು ಉಳಿಯುತ್ತದೆ ಎಂಬುದು ಇಂದಿನ ವಿಷಯ.

ಇಂಥ ಪ್ರಶ್ನೆಗೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1965ರಲ್ಲಿ, ‘ಇನ್‌ವರ್ಡ್ಸ್ ವಿರುದ್ಧ ಬೇಕರ್’ ಪ್ರಕರಣದಲ್ಲಿ, ಉತ್ತರ ಕೊಟ್ಟಿತು. 1931ರಲ್ಲಿ ಮಗನೊಬ್ಬ ಮನೆ ಕಟ್ಟಲು ಜಾಗ ಹುಡುಕುತ್ತಿದ್ದಾಗ, ತನ್ನ ನೆಲದಲ್ಲೇ ಇನ್ನಷ್ಟು ದೊಡ್ಡದಾಗಿ ಕಟ್ಟಬಾರದೇಕೆ ಎಂದು ತಂದೆಯೇ ಕೇಳಿದ. ಮಗ ಹಾಗೆಯೇ ಕಟ್ಟಿ ವಾಸವಾದ. ಆದರೆ ತಂದೆ 1922ರಲ್ಲೇ ಬರೆದಿದ್ದ ಉಯಿಲು ಆ ನೆಲವನ್ನು ಬೇರೆಯವರಿಗೆ ಕೊಟ್ಟಿತ್ತು, ಅದನ್ನು ಆತ ತಿದ್ದಲೇ ಇಲ್ಲ. ತಂದೆ 1951ರಲ್ಲಿ ತೀರಿಕೊಂಡ. 1963ರಲ್ಲಿ ಮಗನನ್ನು ತೆರವುಗೊಳಿಸಲು ದಾವೆ ಬಂತು. ಕರಾರಿಲ್ಲ, ನೋಂದಾಯಿತ ಪತ್ರವಿಲ್ಲ. ಹಾಗಿದ್ದೂ, ಇಲ್ಲಿ ನೆಲೆಸಬಹುದು ಎಂಬ ನಿರೀಕ್ಷೆಯನ್ನು ಒಡೆಯನೇ ಹುಟ್ಟಿಸಿ ಖರ್ಚು ಮಾಡಿಸಿದ ಮೇಲೆ ಆ ನಿರೀಕ್ಷೆಯನ್ನು ಮುರಿಯುವುದು ನ್ಯಾಯವಲ್ಲವೆಂದು ಲಾರ್ಡ್ ಡೆನ್ನಿಂಗ್ ಮತ್ತು ಅವರ ಸಹ ನ್ಯಾಯಾಧೀಶರು ತೀರ್ಮಾನಿಸಿದರು. ಅವರು ಮಗನಿಗೆ ಕೊಟ್ಟದ್ದು ಒಡೆತನವನ್ನಲ್ಲ, ಬಯಸಿದಷ್ಟು ಕಾಲ ಅಲ್ಲೇ ವಾಸಿಸುವ ಹಕ್ಕನ್ನು. ಕೊಟ್ಟ ಮಾತಿಗೂ ಆದ ನಷ್ಟಕ್ಕೂ ತಕ್ಕಷ್ಟೇ ಪರಿಹಾರ ನೀಡುವ ಈ ಅಳತೆ ನನಗೆ ಬಹಳ ವಿವೇಕಯುತವಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿ ಇಂಥವರು ಮೊದಲು ನೆನೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 51ನೇ ಕಲಮನ್ನು. ಅದು ಅಭಿವೃದ್ಧಿಯ ಬೆಲೆಯನ್ನು ಕೊಡಿಸುವುದು ನಿಜ. ಆದರೆ ಆಸ್ತಿಯ ವರ್ಗಾವಣೆ ಪಡೆದು, ತಾನೇ ಸಂಪೂರ್ಣ ಒಡೆಯನೆಂದು ಸದ್ಭಾವನೆಯಿಂದ ನಂಬಿದವರಿಗೆ ಮಾತ್ರ. ಮನೆ ತಂದೆಯದೆಂದು ತಿಳಿದೇ ತಾರಸಿ ಹಾಕಿಸಿದ ಮಗಳಿಗೆ ಅದು ಒದಗುವುದು ಕಷ್ಟ. ಅವಳಿಗೆ ಹೆಚ್ಚು ಹತ್ತಿರವಾದದ್ದು, ಬೇರೊಬ್ಬರ ನೆಲವನ್ನು ಬಳಸುವ ಹಕ್ಕುಗಳನ್ನು ಕುರಿತ, ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಕಲಮು: ಒಡೆಯನ ಅನುಮತಿಯನ್ನು ನಂಬಿ ಒಬ್ಬರು ಸ್ವಂತ ಖರ್ಚಿನಲ್ಲಿ ಶಾಶ್ವತ ಸ್ವರೂಪದ ಕೆಲಸ ಮಾಡಿಸಿದ್ದರೆ, ಆ ಅನುಮತಿಯನ್ನು ಹಿಂಪಡೆಯಲಾಗದು. ಶಾಲೆಗೆಂದು ಬಿಟ್ಟುಕೊಟ್ಟ ಜಾಗದಲ್ಲಿ ಕಟ್ಟಡ ಎದ್ದಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಈ ಕಲಮನ್ನೇ ಅನ್ವಯಿಸಿತು. ಸುಣ್ಣಬಣ್ಣ ಬಳಿಸಿದ್ದು ಇದಕ್ಕೆ ಸಾಲದು. ಮಹಡಿ ಕಟ್ಟಿಸಿದ್ದರೆ ವಾದಕ್ಕೆ ಬಲ ಬರುತ್ತದೆ.

ಹಣವನ್ನಾದರೂ ಮರಳಿ ಪಡೆಯೋಣವೆಂದರೆ 1872ರ ಕರಾರು ಕಾಯ್ದೆಯ 70ನೇ ಕಲಮು ಇದೆ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಅನುಭವಿಸಿದ್ದರೆ ಅವರು ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ಕುಟುಂಬದೊಳಗೆ ತೊಡಕಾಗುವುದು ಇಲ್ಲಿಯೇ. ಮಗಳು ಅಪ್ಪನ ಮನೆಗೆ ಸುರಿದ ಹಣ ಪ್ರೀತಿಯಿಂದ ಕೊಟ್ಟದ್ದೋ, ನೆಲೆಯೊಂದು ಸಿಕ್ಕೀತೆಂಬ ಭರವಸೆಯಿಂದ ಕೊಟ್ಟದ್ದೋ? ಎರಡೂ ಇದ್ದಿರಬಹುದಾದರೂ ನ್ಯಾಯಾಲಯದಲ್ಲಿ ಎರಡನೆಯದನ್ನು ರುಜುವಾತುಪಡಿಸಬೇಕು. ಸಿಮೆಂಟು, ಕಬ್ಬಿಣದ ರಸೀದಿಗಳು ಖರ್ಚಿಗೆ ಸಾಕ್ಷಿಯಾಗುತ್ತವೆಯೇ ಹೊರತು ಅಪ್ಪ ಆಡಿದ ಮಾತಿಗಲ್ಲ. ಆ ಮಾತನ್ನು ಕೇಳಿಸಿಕೊಂಡ ನೆಂಟರು, ಅದನ್ನು ಪ್ರಸ್ತಾಪಿಸಿ ಬರೆದ ಒಂದು ಪತ್ರ, ಪಾಯ ತೋಡುವಾಗ ಒಡೆಯರೇ ನಿಂತು ಗುರುತು ಹಾಕಿಸಿದ್ದನ್ನು ಕಂಡ ಮೇಸ್ತ್ರಿ ಇಂಥವರ ಸಾಕ್ಷ್ಯದ ಮೇಲೆಯೇ ಅವಳ ಮೊಕದ್ದಮೆ ನಿಲ್ಲಬೇಕಾಗುತ್ತದೆ.