ಅವರೂ ನಕ್ಕರಲ್ಲ ಎನ್ನಬೇಡಿ

ನಮಸ್ಕಾರ. ಇಂದಿನ ಸಂಚಿಕೆಗೆ ಬೇರೆ ವಿಷಯವನ್ನು ಬರೆದಿಟ್ಟುಕೊಂಡಿದ್ದೆ. ಆ ಹಾಳೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಅಂಗವಿಕಲ ಸಹೋದ್ಯೋಗಿಯನ್ನು ತಮಾಷೆ ಮಾಡುವ ಬಗ್ಗೆ ಹೋದ ವಾರದ ಸಂಚಿಕೆಯ ಕೆಳಗೆ ಒಬ್ಬರು ಬರೆದ ನಾಲ್ಕು ಸಾಲು. ಓದುತ್ತೇನೆ, ಕೇಳಿ: "ನಮ್ಮ ಕಚೇರಿಯಲ್ಲೂ ಒಬ್ಬರಿದ್ದಾರೆ. ನಾವೆಲ್ಲ ಪ್ರೀತಿಯಿಂದ ಕುಂಟಣ್ಣ ಎಂದೇ ಕರೆಯುತ್ತೇವೆ. ಅವರೂ ನಗುತ್ತಾರೆ. ಅವರಿಗೇ ಇಲ್ಲದ ನೋವು ನಿಮಗೇಕೆ?"

ಮೂರು ದಿನದಿಂದ ಈ ಸಾಲುಗಳು ತಲೆಯಲ್ಲಿ ಕೊರೆಯುತ್ತಿವೆ. "ಅವರೂ ನಗುತ್ತಾರೆ." ಸ್ವಾಮಿ, ನಗದೆ ಇನ್ನೇನು ಮಾಡಬೇಕು ಅವರು? ನಾಳೆ ಅದೇ ಮೇಜಿಗೆ ಬರಬೇಕು. ರಜೆಯ ಅರ್ಜಿಗೆ ಅದೇ ಮೇಲಧಿಕಾರಿಯ ಸಹಿ ಬೇಕು. ಹತ್ತು ಜನ ನಗುವಾಗ ಮುಖ ಗಂಟು ಹಾಕಿಕೊಂಡರೆ "ಇವನಿಗೆ ತಮಾಷೆಯೇ ಅರ್ಥವಾಗುವುದಿಲ್ಲ" ಎಂಬ ಇನ್ನೊಂದು ಪಟ್ಟ ತಲೆಗೇರುತ್ತದೆ. ಅವರು ನಕ್ಕಿದ್ದು ಒಪ್ಪಿಗೆಯಲ್ಲ. ಇಂದು ನನಗೆ ಹೇಳಬೇಕಾಗಿರುವುದು ಇದೊಂದೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ನನ್ನ ಅಪ್ಪನಿಗೆ ಮೂರನೆಯ ವರ್ಷದಲ್ಲಿ ಪೋಲಿಯೊ ತಗುಲಿತ್ತು. ಎಡಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಧಾರಪಟ್ಟಿ, ಹಾಕಿಕೊಂಡು ಒಂದು ತಾಲ್ಲೂಕು ಕಚೇರಿಯಲ್ಲಿ 31 ವರ್ಷ ಗುಮಾಸ್ತರಾಗಿ ದುಡಿದರು. ಅವರ ವಿಭಾಗ ಇದ್ದದ್ದು ಮಹಡಿಯ ಮೇಲೆ. ಹತ್ತೂವರೆಯ ಕಚೇರಿಗೆ ಒಂಬತ್ತೂವರೆಗೇ ಹೋಗಿ ಕುಳಿತಿರುತ್ತಿದ್ದರು. ಸಮಯಪಾಲನೆ ಎಂದರೆ ಇವರದು ಎಂದು ಎಲ್ಲರೂ ಹೊಗಳುತ್ತಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು. ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತುವುದನ್ನು ಯಾರೂ ನೋಡಬಾರದು, ನೋಡಿದರೆ ಅಂದಿನ ತಮಾಷೆ ಅಲ್ಲಿಂದಲೇ ಶುರುವಾಗುತ್ತದೆ ಎಂಬ ಕಾರಣಕ್ಕೆ ಬೇಗ ಹೋಗುತ್ತಿದ್ದರು ಎಂದು ಅಮ್ಮ ನನಗೆ ಹೇಳಿದ್ದು ತೀರಾ ಈಚೆಗೆ.

"ಈ ಫೈಲನ್ನು ಅವರ ಕೈಗೆ ಕೊಡಿ, ನಾವು ನಿವೃತ್ತರಾಗುವುದರೊಳಗೆ ಕೆಳಗಿನ ಮಹಡಿಗೆ ತಲುಪುತ್ತದೆ" ಎಂಬುದು ಅಲ್ಲಿನ ಮಾಮೂಲಿ ಹಾಸ್ಯ. "ನಿನಗೇನಪ್ಪಾ, ಕಾಲು ಕೊಟ್ಟು ಕೆಲಸ ಗಿಟ್ಟಿಸಿದೆ" ಎಂಬುದು ಇನ್ನೊಂದು. ಅಪ್ಪ ನಗುತ್ತಿದ್ದರು. ಬೀಳ್ಕೊಡುಗೆಯ ದಿನ ಹಾರ, ಶಾಲು, ಫಲತಾಂಬೂಲ ಎಲ್ಲವೂ ಆದ ಮೇಲೆ ಒಬ್ಬರು ಮೈಕು ಹಿಡಿದು "ನಮ್ಮ ಕುಂಟಪ್ಪನವರು ಇನ್ನಾದರೂ ಆರಾಮವಾಗಿ ಓಡಾಡಿಕೊಂಡಿರಲಿ" ಎಂದರು. ಸಭೆ ಗೊಳ್ಳೆಂದಿತು. ಅಪ್ಪನೂ ನಕ್ಕರು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ನಾನೂ ನಕ್ಕೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮನೆಗೆ ಬಂದು ಶಾಲು ತೆಗೆದರು, ಕ್ಯಾಲಿಪರ್ ಬಿಚ್ಚಿದರು, ಅಮ್ಮನನ್ನು ಕೇಳಿದರು: "ಒಬ್ಬರಾದರೂ ನನ್ನ ಹೆಸರು ಹೇಳಿದರೇನೇ?"

ಈಗ ಹೇಳಿ, ನಕ್ಕಿದ್ದು ಒಪ್ಪಿಗೆಯೇ?

"ಅದು ಹಳೆಯ ಕಾಲ, ಈಗ ಹಾಗಿಲ್ಲ" ಎನ್ನುವವರಿದ್ದಾರೆ. ಈಗ ಹೇಗಿದೆ? ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದಾಗ ಹೆಮ್ಮೆ, ಅದೇ ಹಾಸನದ ಸುಹಾಸ್ ಯತಿರಾಜ್ ಐಎಎಸ್ ಅಧಿಕಾರಿಯಾಗಿದ್ದುಕೊಂಡೇ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದಾಗ ಹೆಮ್ಮೆ. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಗುಂಪಿನವರು ತೊದಲುವ ಸಹೋದ್ಯೋಗಿಯ ಮಾತನ್ನು ಅಣಕಿಸುತ್ತಾರೆ. ಶ್ರವಣಸಾಧನ ಹಾಕಿಕೊಂಡವರ ಬೆನ್ನ ಹಿಂದೆ ನಿಂತು ಏನೋ ಹೇಳಿ, ಕೇಳಿಸಿತೇ ಇಲ್ಲವೇ ಎಂದು ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಯಾರಾದರೂ ಸ್ವಲ್ಪ ಮಂಕಾಗಿ ಕುಳಿತರೆ "ನಿಮ್ಹಾನ್ಸ್‌ಗೆ ಸೇರಿಸಿ", ಹುಬ್ಬಳ್ಳಿ ಕಡೆ ಹೋದರೆ "ಧಾರವಾಡಕ್ಕೆ ಕಳಿಸಿ". ನಿಜವಾಗಿ ಆ ಮಾನಸಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವ ಒಬ್ಬರು ಅದೇ ಕೋಣೆಯಲ್ಲಿ, ಅದೇ ಮೇಜಿನಲ್ಲಿ, ನಿಮ್ಮ ಜೊತೆ ನಗುತ್ತಾ ಕುಳಿತಿರಬಹುದು ಎಂಬ ಯೋಚನೆ ಒಮ್ಮೆಯಾದರೂ ಬಂದಿದೆಯೇ?

ಮಾತಿನ ಮಧ್ಯೆ ಒಂದು ವಿನಂತಿ. ಈ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದಿದ್ದರೆ ದಯವಿಟ್ಟು ಆಗಿ. ನಮ್ಮ ಪ್ರತಿ ಸಂಚಿಕೆಗೂ ಕನ್ನಡದಲ್ಲಿ ಅಡಿಬರಹ ಹಾಕುತ್ತೇವೆ, ಕಿವಿ ಕೇಳದವರೂ ಓದಿಕೊಳ್ಳಲಿ ಎಂದು. ಅದಕ್ಕೆ ಎರಡು ರಾತ್ರಿಯ ಕೆಲಸ ಹಿಡಿಯುತ್ತದೆ. ನೀವು ಜೊತೆಗಿದ್ದರೆ ಆ ಕೆಲಸ ನಿಲ್ಲುವುದಿಲ್ಲ.

ಸರಿ, ಕಾನೂನಿಗೆ ಬರೋಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಹೊಸದು 21ನ್ನು ಹೆಸರಿಸುತ್ತದೆ. ಅದರ 92ನೆಯ ಸೆಕ್ಷನ್ ಓದಿ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಅವಮಾನಿಸುವ ಉದ್ದೇಶದಿಂದ ಅಂಗವಿಕಲರನ್ನು ನಿಂದಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸೆರೆವಾಸ, ಜೊತೆಗೆ ದಂಡ. ಖಾಸಗಿಯವರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು, ಸರ್ಕಾರಿ ಕಚೇರಿಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಕಚೇರಿಯಲ್ಲಿ ಆ ಅಧಿಕಾರಿ ಯಾರು, ಗೊತ್ತೇ? ಬಹಳ ಕಡೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೋಗಿ ಏನೆಂದು ಹೇಳುವುದು? "ನೀನೂ ನಗುತ್ತಿದ್ದೆಯಲ್ಲ" ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

"ಉದ್ದೇಶ ಇರಲಿಲ್ಲ" ಎನ್ನುತ್ತೀರಿ. ಮೊದಲ ದಿನ ಇರಲಿಲ್ಲ, ಒಪ್ಪಿದೆ. ನೂರನೆಯ ದಿನಕ್ಕೂ ಇರಲಿಲ್ಲವೇ?

"ಹಾಗಾದರೆ ಹಾಸ್ಯವನ್ನೇ ನಿಷೇಧಿಸಿಬಿಡಿ" ಎಂದು ಕೂಗುವವರಿಗೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲೇ ಉತ್ತರ ಕೊಟ್ಟಿದೆ. ಅಂಗವಿಕಲರನ್ನು ಕೀಳಾಗಿ ತೋರಿಸಿದೆ ಎಂದು ಹಿಂದಿ ಚಿತ್ರವೊಂದರ ವಿರುದ್ಧ ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಸಲ್ಲಿಸಿದ್ದ ಅರ್ಜಿಯ ತೀರ್ಪಿನಲ್ಲಿ ಅದು ಎರಡು ಬಗೆಯ ಹಾಸ್ಯವನ್ನು ಬೇರೆ ಮಾಡಿತು: ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಒಂದು, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಇನ್ನೊಂದು. 2025ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಅಂಗವಿಕಲರನ್ನು ಗೇಲಿ ಮಾಡಿದ ಕೆಲವು ಹಾಸ್ಯ ಕಲಾವಿದರಿಗೆ ಕ್ಷಮೆ ಕೇಳುವಂತೆಯೂ ಹೇಳಿತು. ಮುಂಬೈನಲ್ಲಿ ನಿಧಿ ಗೋಯಲ್ ಎಂಬ ಹಾಸ್ಯ ಕಲಾವಿದೆ ಇದ್ದಾರೆ, ಅವರಿಗೆ ಕಣ್ಣು ಕಾಣುವುದಿಲ್ಲ. ವೇದಿಕೆ ಹತ್ತಿ ತಮ್ಮ ಬದುಕಿನ ಬಗ್ಗೆ ತಾವೇ ಹೇಳಿ ಜನರನ್ನು ನಗಿಸುತ್ತಾರೆ. ಅಲ್ಲಿ ಮೈಕು ಅವರ ಕೈಯಲ್ಲಿದೆ. ನನ್ನ ಅಪ್ಪನ ಬೀಳ್ಕೊಡುಗೆಯಲ್ಲಿ ಮೈಕು ಯಾರ ಕೈಯಲ್ಲಿತ್ತು?

ಇನ್ನು, ಅಂಗವಿಕಲರೇ ತಿರುಗಿ ಒಂದು ಮಾತು ಹೇಳಿದರೆ ನಮ್ಮವರ ಬಾಯಲ್ಲಿ ಗಾದೆ ಸಿದ್ಧವಾಗಿರುತ್ತದೆ: ಕುಂಟನಿಗೆ ಎಂಟು ಚೇಷ್ಟೆ. ಅಂದರೆ ನಗುವ ಹಕ್ಕು ಅವರಿಗಿದೆ, ನಗಿಸುವ ಹಕ್ಕಿಲ್ಲ! ಗಾದೆಗಳನ್ನೂ ಬಿಡಬೇಕೇ, "ಕುಂಟು ನೆಪ", "ಜಾಣ ಕುರುಡು" ಎಂದು ಬರೆಯಲೂ ಬಾರದೇ ಎಂದು ಇನ್ನೊಬ್ಬ ಮಹಾಶಯರು ಕೇಳಿದ್ದಾರೆ. ನಾನು ಆ ಪದಗಳನ್ನು ಬಿಟ್ಟು ವರ್ಷಗಳಾದವು, ನನ್ನ ಕನ್ನಡಕ್ಕೆ ಏನೂ ಕೊರತೆಯಾಗಿಲ್ಲ. ಆದರೆ ಇಂದಿನ ಜಗಳ ಅದಲ್ಲ. ನೆಪಕ್ಕೆ ಕಾಲಿಲ್ಲ, ಸಂಬಳವಿಲ್ಲ, ಮೇಲಧಿಕಾರಿಯಿಲ್ಲ. ನಿಮ್ಮ ಸಹೋದ್ಯೋಗಿಗೆ ಇವೆಲ್ಲ ಇವೆ.

"ದಪ್ಪಗಿರುವವರನ್ನು ಡುಮ್ಮ ಎನ್ನುವುದಿಲ್ಲವೇ, ಬೋಳುತಲೆಯವರನ್ನು ಆಡಿಕೊಳ್ಳುವುದಿಲ್ಲವೇ?" ಆಡಿಕೊಳ್ಳುತ್ತೀರಿ, ಅದೂ ತಪ್ಪೇ. ಒಂದು ತಪ್ಪಿಗೆ ಇನ್ನೊಂದು ತಪ್ಪು ಜಾಮೀನು ನಿಲ್ಲುವುದೇ?

"ಹಾಗಾದರೆ ಏನೆಂದು ಕರೆಯಬೇಕು? ಅಂಗವಿಕಲ ಎನ್ನಬೇಕೇ, ವಿಕಲಚೇತನ ಎನ್ನಬೇಕೇ, ದಿವ್ಯಾಂಗ ಎನ್ನಬೇಕೇ, ನೀವೇ ಒಂದು ತೀರ್ಮಾನಕ್ಕೆ ಬನ್ನಿ" ಎಂದು ಸವಾಲು ಹಾಕುತ್ತಾರೆ. ಸರ್ಕಾರದ ಇಲಾಖೆ ವಿಕಲಚೇತನ ಎನ್ನುತ್ತದೆ. ನನಗೆ ಆ ಪದ ಒಪ್ಪಿಗೆಯಿಲ್ಲ, ಅಪ್ಪನ ಕಾಲಿಗೆ ವೈಕಲ್ಯವಿತ್ತೇ ಹೊರತು ಚೇತನಕ್ಕಲ್ಲ. ಆ ಚರ್ಚೆಯನ್ನು ಇನ್ನೊಂದು ದಿನ ಮಾಡೋಣ, ಅದಕ್ಕೆಂದೇ ಒಂದು ಸಂಚಿಕೆ ಮಾಡುತ್ತೇನೆ. ಆದರೆ ಚಹಾ ಕುಡಿಯಲು ಕರೆಯುವಾಗ ಇಲಾಖೆಯ ಪದ ಯಾಕೆ ಬೇಕು? ಪಕ್ಕದ ಮೇಜಿನ ಮಂಜುನಾಥನನ್ನು "ಎರಡು ಕಾಲಿನವನೇ, ಬಾರಯ್ಯ" ಎಂದು ಕರೆಯುತ್ತೀರಾ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಇವರೆಲ್ಲರೂ ನಿಮ್ಮ ತಮಾಷೆಗೆ ನಗಬೇಕೇ? ಬಸ್ಸಿನಲ್ಲಿ ನಗಬೇಕು, ಶಾಲೆಯಲ್ಲಿ ನಗಬೇಕು, ಸಂದರ್ಶನದಲ್ಲಿ ನಗಬೇಕು, ಕೆಲಸ ಸಿಕ್ಕ ಮೇಲೆ 31 ವರ್ಷ ನಗಬೇಕು, ಕೊನೆಗೆ ಹಾರ ಹಾಕಿಸಿಕೊಂಡೂ ನಗಬೇಕು. ನಕ್ಕಿದ್ದು ಒಪ್ಪಿಗೆಯಲ್ಲ, ಅಲ್ಲವೇ ಅಲ್ಲ! ಬರೆದುಕೊಂಡಿದ್ದು ಇಲ್ಲಿಗೆ ಮುಗಿಯಿತು, ಇನ್ನು ಕಾಗದದಲ್ಲಿ ಏನೂ ಇಲ್ಲ. ಆದರೂ ನನ್ನ ಸಿಟ್ಟು ಇಳಿದಿಲ್ಲ.

ಆ ನಾಲ್ಕು ಸಾಲು ಬರೆದವರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಪ್ರೀತಿಯಿಂದ ಕರೆಯುತ್ತೇವೆ ಎಂದಿದ್ದೀರಿ. ಅವರ ಹೆಸರೇನು? ನನಗೆ ಬರೆದು ಕಳಿಸಬೇಡಿ, ನನಗೆ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ಅವರು ಮೆಟ್ಟಿಲು ಹತ್ತಿ ಬಂದಾಗ ಅವರಿಗೆ ಕೇಳಿಸುವಂತೆ ಹೇಳಿ.