ಬಹುಮಾನ ಮೊದಲು, ಪ್ರಾರ್ಥನೆ ಆಮೇಲೆ

ನಮಸ್ಕಾರ. ನಮ್ಮ ಕ್ರೈಸ್ತ ಸಭೆಯ ಯುವಜನರ ಕೂಟಕ್ಕೆ ಹೊಸದೊಂದು ಆಸೆ ಹುಟ್ಟಿದೆ. ಬಳ್ಳಾರಿಯ ಕಾಲೇಜು ವಿದ್ಯಾರ್ಥಿಗಳಿಗೆ ಬಿಜಿಎಂಐ ಎಂಬ ಮೊಬೈಲ್ ಆಟದ ಪಂದ್ಯಾವಳಿ ನಡೆಸಬೇಕಂತೆ, ಆಟದ ನೆಪದಲ್ಲಿ ಯೇಸುವಿನ ಸುವಾರ್ತೆ ಹೇಳಬೇಕಂತೆ. ಆಟಕ್ಕೆ ನನ್ನ ಅಡ್ಡಿಯಿಲ್ಲ, ನಾನೂ ಆಡುವವನೇ. ನೆಪದ ಮಾತು ಬಂದಾಗ ಮಾತ್ರ ಎದ್ದು ನಿಂತೆ.

ಬಂದೂಕಿನ ಆಟವೆಂದು ಕೆಲವು ಹಿರಿಯರು ಮೂಗು ಮುರಿದರು. ಅವರ ಮೊಮ್ಮಕ್ಕಳೇ ಅದನ್ನು ಆಡುತ್ತಾರೆ, ಆ ವಿಷಯ ಇಲ್ಲಿಗೇ ಬಿಡೋಣ. ಹೊರದೇಶಗಳಲ್ಲಿ ಆಟಗಾರರ ನಡುವೆ ಸುವಾರ್ತೆ ಹೇಳುವುದು ಹೊಸದೂ ಅಲ್ಲ. ಅಮೆರಿಕದಲ್ಲಿ ಗೇಮರ್‌ಗಳಿಗೆಂದೇ, ಆಟಗಳನ್ನು ನೇರವಾಗಿ ತೋರಿಸುವ ಟ್ವಿಚ್ ಜಾಲತಾಣದಲ್ಲಿ ಆರಾಧನೆ ನಡೆಸುವ ಗಾಡ್ ಸ್ಕ್ವಾಡ್ ಚರ್ಚ್ ಇದೆ. ಹೆಸರಿನಲ್ಲೇ ಚರ್ಚ್ ಇರುವುದರಿಂದ, ಎಲ್ಲಿಗೆ ಬಂದಿದ್ದೇನೆ ಎಂಬುದು ಬಂದವನಿಗೆ ಗೊತ್ತಿರುತ್ತದೆ.

ಬಿಜಿಎಂಐ ಆಟದಲ್ಲಿ ನಾಲ್ವರದೊಂದು ಸ್ಕ್ವಾಡ್, ಅಂದರೆ ತಂಡ. ಗುಂಡಿನ ಕಾಳಗಕ್ಕಿಂತ ಹೆಚ್ಚು ಹೊತ್ತು ಹೋಗುವುದು ಆಟ ಶುರುವಾಗುವ ಮುನ್ನ ಲಾಬಿಯಲ್ಲಿ ಕಾಯುವುದರಲ್ಲಿ, ಖಾಲಿ ಮನೆಗಳಲ್ಲಿ ಸಾಮಾನು ಹುಡುಕುವುದರಲ್ಲಿ. ಆಗಲೇ ಮೈಕ್‌ನಲ್ಲಿ ಮಾತು ಹರಿಯುತ್ತದೆ. ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗ, ಪರೀಕ್ಷೆಯಲ್ಲಿ ಎರಡು ವಿಷಯ ಬಾಕಿ ಉಳಿದಿರುವುದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ ಎನ್ನುತ್ತಾನೆ. ಮುಖ ಕಾಣಿಸದಿರುವುದರಿಂದಲೇ ಹೇಳುತ್ತಾನೆ. ಆ ಹೊತ್ತಿಗೆ ಅವನಿಗೆ ಬೇಕಾದದ್ದು ಕೇಳಿಸಿಕೊಳ್ಳುವ ಕಿವಿ. ನಮ್ಮವರಿಗೋ ಬೈಬಲ್ ವಚನ ಹೇಳುವ ತವಕ. ಆಟದಲ್ಲಿ ನೆಲಕ್ಕೆ ಬಿದ್ದ ಜೊತೆಗಾರನನ್ನು ರಿವೈವ್ ಮಾಡಿದ, ಅಂದರೆ ಮತ್ತೆ ಎಬ್ಬಿಸಿದ ಕೂಡಲೇ ‘ಯೇಸು ನಿನ್ನನ್ನು ಹೀಗೆಯೇ ಎಬ್ಬಿಸುತ್ತಾನೆ’ ಎಂದು ಬೋಧಿಸಬಹುದೆಂದು ಒಬ್ಬರು ಸಲಹೆ ಕೊಟ್ಟರು. ಎದುರಾಳಿಯ ಗುಂಡು ಹಾರುತ್ತಿರುವಾಗ ಬೋಧನೆಗೆ ಇಳಿದವನನ್ನು ಯಾವ ಹುಡುಗನೂ ಮತ್ತೆ ಸ್ಕ್ವಾಡ್‌ಗೆ ಸೇರಿಸಿಕೊಳ್ಳುವುದಿಲ್ಲ, ತಿಳಿದಿರಲಿ.

ಇದೇ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಸುವಾರ್ತೆ ಹೇಳಲು ಬಂದರು. ಕನ್ನಡ ಕಲಿತರು, ಶಾಲೆ ತೆರೆದರು, ಬೈಬಲನ್ನು ಕನ್ನಡಕ್ಕೆ ತಂದರು. ಅವರು ಬಂದ ಉದ್ದೇಶ ಯಾರಿಗೂ ಗುಟ್ಟಾಗಿರಲಿಲ್ಲ. ಮಿಷನ್ ಶಾಲೆಗೆ ಮಗನನ್ನು ಕಳಿಸಿದ ತಂದೆಗೆ ಅಲ್ಲಿ ಬೈಬಲ್ ಪಾಠವಿರುತ್ತದೆಂದು ಗೊತ್ತಿತ್ತು. ಒಪ್ಪಿದವರು ಕಳಿಸಿದರು, ಒಪ್ಪದವರು ಕಳಿಸಲಿಲ್ಲ.

ಹೀಗೆಂದ ಕೂಡಲೇ ನಮ್ಮವರು ಸಂವಿಧಾನದ 25ನೇ ವಿಧಿಯನ್ನು ಮುಂದಿಡುತ್ತಾರೆ. ಧರ್ಮಪ್ರಚಾರದ ಹಕ್ಕು ಅದರಲ್ಲಿದೆ, ನಿಜ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಂತೂ ಉಡುಗೊರೆ, ಹಣವನ್ನೆಲ್ಲ ಆಮಿಷದ ಪಟ್ಟಿಗೆ ಸೇರಿಸಿತು. ಆ ಕಾಯ್ದೆಯ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ. ಮನೆಯೊಳಗಿನ ಪ್ರಾರ್ಥನೆಯನ್ನೂ ಅನುಮಾನದಿಂದ ನೋಡುವವರಿಗೆ ಅದು ಬಲ ಕೊಟ್ಟಿತು. ಹಾಗಿರುವಾಗ ಐದು ಸಾವಿರ ರೂಪಾಯಿ ಬಹುಮಾನವೆಂದು ಪೋಸ್ಟರ್ ಅಂಟಿಸಿ, ಸಭೆಯ ಹೆಸರು ಮುಚ್ಚಿಟ್ಟು, ಹಣ ಕೊಡುವ ಮೊದಲು ಅರ್ಧ ಗಂಟೆ ದೇವರ ವಾಕ್ಯ ಕೇಳಿಸಿದರೆ, ಆ ಅನುಮಾನಕ್ಕೆ ನಾವೇ ಪುರಾವೆ ಒದಗಿಸಿದಂತಾಯಿತು. ಕಾನೂನು ಬದಿಗಿರಲಿ, ಆಡಲು ಬಂದ ಹುಡುಗನಿಗೆ ಅದು ಮೋಸ.

ಕೂಟದ ಮುಂದೆ ನನ್ನ ಬೇಡಿಕೆ ಇಟ್ಟಿದ್ದೇನೆ. ಪೋಸ್ಟರಿನ ತಲೆಯ ಮೇಲೆ ಸಭೆಯ ಹೆಸರು ದಪ್ಪ ಅಕ್ಷರದಲ್ಲಿರಲಿ. ಪಂದ್ಯ ಮುಗಿದ ತಕ್ಷಣ ಗೆದ್ದವರ ಕೈಗೆ ಹಣ ಕೊಟ್ಟು, ಬಾಗಿಲು ತೆರೆದಿಟ್ಟು, ‘ಇನ್ನು ಪ್ರಾರ್ಥನೆ ಮಾಡುತ್ತೇವೆ, ಇಷ್ಟವಿದ್ದವರು ಇರಿ’ ಎನ್ನೋಣ. ಹಾಗಾದರೆ ಒಬ್ಬನೂ ಉಳಿಯುವುದಿಲ್ಲವಲ್ಲ ಎಂದು ಕಾರ್ಯದರ್ಶಿಗಳು ಕೇಳಿದರು. ಉಳಿಯದಿದ್ದರೆ ನಾವು ನಾವೇ ಪ್ರಾರ್ಥನೆ ಮಾಡಿಕೊಂಡು ಮನೆಗೆ ಹೋಗೋಣ ಎಂದೆ.